ಕಚ್ಚಾ ಹೊಲಿಗೆ

ಮೂವತ್ತೆರಡು ಊರು, ಮೂವತ್ತೆರಡು ಜೊತೆ ತೋಳು.
ಬೋಲ್ಟನ್ನಿನ ಗಿರಣಿ ಬಾಗಿಲು ಹಾಕುವಾಗ ಅಗ್ಗಕ್ಕೆ ಸಿಕ್ಕ
ನೇರಳೆ ಸ್ಯಾಟಿನ್ನು, ಒಂದೇ ಥಾನು.
ಅಂಗಿ ಅದೇ.
ತೋಳು ಮಾತ್ರ ರಾತ್ರಿಗೊಂದು ಜೊತೆ.

ಜನ ಎಳೆಯುತ್ತಾರೆ, ಅದಕ್ಕೆ.
ಮೂರನೇ ಹಾಡಿಗೆ ಅವನು ವೇದಿಕೆಯ ಅಂಚಿಗೆ ಬಂದು ಬಗ್ಗುತ್ತಾನೆ,
ಕೆಳಗಿನಿಂದ ಕೈಗಳು ಏಳುತ್ತವೆ.
ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಮೊದಲ ರಾತ್ರಿ
ಅಂಗಿ ಹರಿಯಲಿಲ್ಲ, ಭುಜದ ಕೀಲೇ ತಪ್ಪಿತು.
ಮ್ಯಾನೇಜರ್ ಲೋಮ್ಯಾಕ್ಸ್ ಡಾಕ್ಟರನ್ನು ಕರೆದ,
ವಿಮೆಯವರನ್ನು ಕರೆದ,
ಕೊನೆಗೆ ನನ್ನನ್ನು ಕರೆದ.

ಗಟ್ಟಿ ಹೊಲಿಯಲು ಯಾರಿಗೂ ಬರುತ್ತದೆ.
ಇದು ಬಿಟ್ಟುಕೊಡುವ ಹೊಲಿಗೆ:
ಒಂಟಿ ಎಳೆ ಹತ್ತಿ ದಾರ, ಅರ್ಧ ಅಂಗುಲಕ್ಕೊಂದು ಟಾಕು,
ಕೊನೆಗೆ ಗಂಟಿಲ್ಲ.
ಎರಡು ಹಾಡು ಕುಣಿದರೂ ತಾಳಬೇಕು,
ಮೂರನೆಯದಕ್ಕೆ ಒಂದು ಹದಿನಾರರ ಹುಡುಗಿಯ ಬಲಕ್ಕೆ ಸೋಲಬೇಕು.
ನಾನು ಇಪ್ಪತ್ತು ವರ್ಷ ಮದುವೆಯ ಗೌನು ಹೊಲಿದವಳು,
ನಡುವೆ ಶವಪೆಟ್ಟಿಗೆಯವರಿಗೂ ಹೊಲಿದುಕೊಟ್ಟಿದ್ದೇನೆ,
ಆ ಅಂಗಿಗಳಿಗೆ ಬೆನ್ನು ಇರುವುದಿಲ್ಲ.
ಹಾಗಾಗಿ ಕಷ್ಟವಾಗಲಿಲ್ಲ.

ವ್ಯಾನಿನ ಹಿಂದೆ, ಆಂಪ್ಲಿಫೈಯರುಗಳ ಸಂದಿಯಲ್ಲಿ ಕೂತು
ಟಾರ್ಚು ಹಲ್ಲಲ್ಲಿ ಕಚ್ಚಿ ಪೋಣಿಸಿದ್ದೇನೆ.
ಲೀಡ್ಸ್, ನ್ಯೂಕಾಸಲ್, ಗ್ಲಾಸ್ಗೋ.
ಗೋಡೆಗಳ ಮೇಲೆ ‘ಬ್ರಾಸ್ ಹೆರನ್’ ಎಂಬ ಅಕ್ಷರ
ವಾರವಾರಕ್ಕೂ ದಪ್ಪವಾಗುತ್ತ ಹೋಯಿತು.
ನನ್ನ ಪುಸ್ತಕದಲ್ಲಿ ಬೇರೆ ಲೆಕ್ಕ:
ನೆವಿಲ್ ಕ್ಲೆಗ್, ಸೊಂಟ, ಮೂವತ್ತು.
ಇಪ್ಪತ್ತೊಂಬತ್ತು.
ಇಪ್ಪತ್ತೆಂಟು ಕಾಲು.
ಲೋಮ್ಯಾಕ್ಸನಿಗೆ ತೋರಿಸಿದೆ. ‘ಫೋಟೋದಲ್ಲಿ ಚೆನ್ನಾಗಿ ಬರ್ತಾನೆ’ ಅಂದ.

ಹಲ್ ಊರಲ್ಲಿ ಬೆಳಿಗ್ಗೆ, ಹಿಂಬಾಗಿಲ ಹತ್ತಿರ,
ಶಾಲೆಯ ಕೋಟು ತೊಟ್ಟ ಒಬ್ಬಳು ನಿಂತಿದ್ದಳು.
ಬ್ರೆಡ್ಡಿನ ಕಾಗದದಲ್ಲಿ ಸುತ್ತಿದ ತೋಳು, ಮಡಚಿ, ಇಸ್ತ್ರಿ ಮಾಡಿ.
‘ನಾನು ಕಿತ್ತಿದ್ದಲ್ಲ ಮೇಡಂ, ಮುಟ್ಟಿದೆ ಅಷ್ಟೆ, ಬಂದುಬಿಡ್ತು.’
ರಾತ್ರಿಯಿಡೀ ನಿದ್ದೆಯಿಲ್ಲವಂತೆ.
ಹೊಲಿಗೆಯ ಕೂಲಿಗೆಂದು ಒಂದು ಪೌಂಡಿನ ನೋಟು ಬೇರೆ ತಂದಿದ್ದಳು.
ನಿಜ ಹೇಳಬಹುದಿತ್ತು.
‘ನಿನ್ನ ಕೈ ಬಲವಾಗಿದೆ, ಇಟ್ಟುಕೋ’ ಅಂದೆ.
ಅವಳು ತನ್ನ ಕೈಯನ್ನೇ ನೋಡಿಕೊಳ್ಳುತ್ತ ಹೋದಳು,
ಬಸ್ಸು ತಪ್ಪಿಸಿಕೊಂಡಳು.

ಕೊನೆಯ ರಾತ್ರಿ ಬ್ಲ್ಯಾಕ್‌ಪೂಲ್.
ಹೊರಗೆ ಕಡಲಿನ ಗಾಳಿಗೆ ಟ್ರಾಮಿನ ತಂತಿ ನರಳುತ್ತಿತ್ತು.
ಕನ್ನಡಿಯ ಸುತ್ತ ಹನ್ನೆರಡು ಬಲ್ಬು, ಮೂರು ಸತ್ತಿವೆ.
ನನ್ನ ಕಡೆ ತಿರುಗದೆ ಅಂದ:
‘ಇವತ್ತು ಗಟ್ಟಿಯಾಗಿ ಹೊಲಿ, ಎನಿಡ್.’
ಯಾಕೆ ಅಂದೆ.
‘ಎಳೀಲಿ. ಏನು ಕಿತ್ತು ಬರುತ್ತೋ ನೋಡೋಣ.’
ನಗುತ್ತಾನೆ ಅಂದುಕೊಂಡು ಕಾದೆ.

ಅವನ ಎದುರೇ ಜೋಡಿ ಎಳೆ ಪೋಣಿಸಿದೆ,
ಎದುರೇ ಗಂಟು ಹಾಕಿದೆ,
ಒಂದೊಂದು ಕುತ್ತನ್ನೂ ಅವನು ಎಣಿಸುವಂತೆ ನಿಧಾನ ಹಾಕಿದೆ.
ಅವನು ಕೆಮ್ಮುತ್ತ ಬಚ್ಚಲಿಗೆ ಹೋದ.
ನಲ್ಲಿ ಬಿಟ್ಟ ಸದ್ದು.
ಅಷ್ಟರಲ್ಲಿ ಎಲ್ಲ ಬಿಚ್ಚಿ
ಒಂಟಿ ಎಳೆಯಲ್ಲಿ ಮತ್ತೆ ಟಾಕು ಹಾಕಿದೆ.
ನನ್ನ ಕೈ ಇಷ್ಟು ಬೇಗ ಓಡಿದ್ದು
ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಪರದೆಯ ಪಕ್ಕ ನಿಂತು ನೋಡಿದೆ.
ಮೊದಲ ಹಾಡು. ಎರಡನೆಯದು.
ಮೂರನೆಯದಕ್ಕೆ ಅವನು ಬಗ್ಗಲಿಲ್ಲ,
ತೋಳು ಚಾಚಿ ಪೂರ್ತಿ ಒರಗಿಬಿಟ್ಟ,
ಬಾವಿಕಟ್ಟೆಯ ಮೇಲಿಂದ ಕೈಜಾರುವವನ ಹಾಗೆ.
ಕೈಗಳು ಹಿಡಿದವು.
ಪರ್ರೆಂದಿತು, ಡ್ರಮ್ಮಿನ ನಡುವೆಯೂ ನನಗದು ಕೇಳಿಸಿತು.
ಅವನು ಹಿಂದಕ್ಕೆ, ವೇದಿಕೆಯ ಹಲಗೆಯ ಮೇಲೆ, ಕೂತಂತೆ ಬಿದ್ದ.
ಬರಿದಾದ ತೋಳನ್ನು ನೋಡಿಕೊಂಡ.
ಜನ ಚಾವಣಿ ಹಾರಿಹೋಗುವಂತೆ ಕೂಗುತ್ತಿದ್ದರು.

ಕೆಳಗಿಳಿದು ಬಂದಾಗ ಟೇಪು ಹಿಡಿದು ನಿಂತಿದ್ದೆ,
ದಿನದ ಹಾಗೆ.
ಏನೂ ಕೇಳಲಿಲ್ಲ.
ಶಾಲೆಯ ಯೂನಿಫಾರಮ್ಮಿಗೆ ಅಳತೆ ಕೊಡುವ ಹುಡುಗನಂತೆ
ಎರಡೂ ಕೈ ಮೇಲೆತ್ತಿದ.

ಇಪ್ಪತ್ತಾರೂವರೆ.
ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ.